ಅರ್ಧ ಮುಗಿದ ಪುಟಗಳಿಗೆ 302 ಹಾಕಿದ್ದೇವೆ, ಗೂಗಲ್‌ನಲ್ಲಿ ಹಿಂದೆ ಬಿದ್ದಿದ್ದು ಇದರಿಂದಲೇನಾ?

ಇಳಕಲ್_ದಡಿ
ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್‌ನಲ್ಲಿ ಸಣ್ಣ ಕೈಮಗ್ಗದ ಸೀರೆ ಅಂಗಡಿ. ಅಪ್ಪ ಅಂಗಡಿ ನೋಡಿಕೊಳ್ಳುತ್ತಾರೆ, ವೆಬ್‌ಸೈಟ್ ನನ್ನ ಪಾಲಿಗೆ ಬಂದಿದೆ. ಹಳೆ ಸೈಟ್ ಮೊಬೈಲ್‌ನಲ್ಲಿ ಸರಿಯಾಗಿ ತೆರೆಯುತ್ತಿರಲಿಲ್ಲ. ಅದಕ್ಕೆ ಬೆಳಗಾವಿಯ ಒಬ್ಬ ಹುಡುಗನ ಕೈಲಿ ಹೊಸದಾಗಿ ಮಾಡಿಸುತ್ತಿದ್ದೇವೆ.

ಒಟ್ಟು 30 ಪುಟ ಅಂತ ಲೆಕ್ಕ ಹಾಕಿದೆವು. ಒಂದೊಂದು ದಡಿಗೆ (ಸೀರೆಯ ಅಂಚಿಗೆ) ಒಂದು ಪುಟ, ಸೆರಗಿಗೆ ಬೇರೆ, ಕಸೂತಿ ಸೀರೆಗೆ ಬೇರೆ. ಅದರಲ್ಲಿ 15 ಪುಟ ಇನ್ನೂ ಖಾಲಿ. ಫೋಟೋ ತೆಗೆದಿಲ್ಲ, ಬರೆಯೋದಕ್ಕೂ ಆಗಿಲ್ಲ. ಆ 15ಕ್ಕೂ 302 ರಿಡೈರೆಕ್ಟ್ (ತಾತ್ಕಾಲಿಕವಾಗಿ ಬೇರೆ ಪುಟಕ್ಕೆ ತಿರುಗಿಸುವ ಸೂಚನೆ) ಹಾಕಿ ಮುಖಪುಟಕ್ಕೆ ಕಳಿಸಿದ್ದಾನೆ. "ತಾತ್ಕಾಲಿಕ ಅಷ್ಟೇ ಅಣ್ಣ, ಪುಟ ಮುಗಿದ ದಿನ ತೆಗೆದರಾಯ್ತು" ಅಂದ.

ಅದಾಗಿ ಎರಡು ತಿಂಗಳು. ಈ 15ರಲ್ಲಿ 4 ಪುಟ ಹಳೆ ಸೈಟ್‌ನಲ್ಲೂ ಇದ್ದವು. ಕೊಂಡಿ ಸೆರಗಿನ ಬಗ್ಗೆ ಹುಡುಕಿದರೆ ನಮ್ಮ ಪುಟ ಮೊದಲ ಸಾಲುಗಳಲ್ಲೇ ಸಿಗುತ್ತಿತ್ತು. ಈಗ ಎಷ್ಟು ಕೆಳಗೆ ಹೋದರೂ ಇಲ್ಲ. ಸೊಲ್ಲಾಪುರ, ಪುಣೆ ಕಡೆಯಿಂದ ಬರುತ್ತಿದ್ದ ಫೋನ್ ನಿಂತೇ ಹೋಗಿವೆ. ಇದು 302 ತಪ್ಪಾ? 301 ಮಾಡಿಬಿಡಲಾ? ದಯವಿಟ್ಟು ತಿಳಿದವರು ಹೇಳಿ.

ಕುಂದಾನಗರಿ
301 ಮಾತ್ರ ಮುಟ್ಟಬೇಡಿ! 301 ಅಂದರೆ "ಕಾಯಂ ಆಗಿ ಹೋದೆವು" ಅಂತ. ಒಮ್ಮೆ ನೋಡಿದ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ನಾಳೆ ನೀವು ಪುಟ ಮುಗಿಸಿ ಹಾಕಿದರೂ, ಮೊದಲು ಬಂದು ಹೋದವರ ಮೊಬೈಲ್ ನೇರ ಮುಖಪುಟಕ್ಕೇ ಎಳೆದುಕೊಂಡು ಹೋಗುತ್ತದೆ. 302ಗೆ ಆ ಕಾಟ ಇಲ್ಲ. ಹಾಗೆ ಉಳಿಸಿಕೋ ಅಂತ ಸರ್ವರ್ ಬೇರೆಯಾಗಿ ಹೇಳದಿದ್ದರೆ ಬ್ರೌಸರ್ ಉಳಿಸಿಕೊಳ್ಳುವುದಿಲ್ಲ.

ಗುಮ್ಮಟದ_ದನಿ
ಇದು 302ರದ್ದೇ ತಪ್ಪು. 302 ಹಾಕಿದರೆ ಲಿಂಕ್‌ಗಳಿಂದ ಬಂದ ಹಳೆ ಪುಟದ ತೂಕ, ಅಂದರೆ ಪೇಜ್‌ರ್‍ಯಾಂಕ್ ಮುಂದೆ ಹೋಗೋದಿಲ್ಲ, ಅಲ್ಲೇ ಸೋರಿ ಹೋಗುತ್ತದೆ. ಈ ಕೆಲಸಕ್ಕೆ ಬಂದಾಗ ನಾನು ಕಲಿತ ಮೊದಲ ಪಾಠ ಇದು.

ತಿಲಕವಾಡಿ_ಸರ್ವರ್
ಗುಮ್ಮಟದವರೇ, ಆ ಪಾಠ ಹಳೆಯದಾಯ್ತು. 30ರಿಂದ ಶುರುವಾಗುವ ಯಾವ ರಿಡೈರೆಕ್ಟ್‌ನಲ್ಲೂ ಈಗ ಪೇಜ್‌ರ್‍ಯಾಂಕ್ ಕಳೆಯುವುದಿಲ್ಲ ಅಂತ ಗೂಗಲ್‌ನ ಗ್ಯಾರಿ ಇಲ್ಯೆಸ್ 2016ರಲ್ಲೇ ಹೇಳಿದ್ದಾರೆ. ಇಲ್ಲಿ ನೋಡಬೇಕಾದ್ದು ಅದಲ್ಲ.

ಇಳಕಲ್‌ನವರೇ, ನಿಮ್ಮ 15 ಪುಟಗಳನ್ನು ಮೊದಲು ಎರಡು ಗುಂಪು ಮಾಡಿ. 4 ಪುಟ ಮೊದಲೇ ಇದ್ದವು, ಗೂಗಲ್‌ಗೆ ಅವು ಗೊತ್ತು, ಜನಕ್ಕೂ ಗೊತ್ತು. 11 ಪುಟ ಹುಟ್ಟೇ ಇಲ್ಲ. ಎರಡಕ್ಕೂ ಒಂದೇ ಮದ್ದು ಕೊಟ್ಟಿದ್ದಾರೆ, ಅದು ಸರಿಯಲ್ಲ.

ಮೊದಲು ಆ 4ರ ಕತೆ. 302 ಕಂಡಾಗ ಗೂಗಲ್ ಸಾಮಾನ್ಯವಾಗಿ ಹಳೆ ವಿಳಾಸವನ್ನೇ ಇಟ್ಟುಕೊಳ್ಳುತ್ತದೆ. ಹೋದ ಪುಟ ವಾಪಸ್ ಬರುತ್ತದೆ ಅಂತ ನಂಬುತ್ತದೆ. ಹೊಸ ವಿಳಾಸವೇ ಮುಖ್ಯ ಅನ್ನೋದಕ್ಕೆ 301 ಗಟ್ಟಿ ಸೂಚನೆ, 302 ಸಣ್ಣ ಸೂಚನೆ. ಆದರೆ ವಿಳಾಸ ಇಟ್ಟುಕೊಂಡರೆ ಆಯ್ತಾ? ಅಲ್ಲಿ ಓದೋಕೆ ಏನಿದೆ? ಕೊಂಡಿ ಸೆರಗಿನ ಪುಟ ತೆರೆದರೆ ನಿಮ್ಮ ಮುಖಪುಟ ಬರುತ್ತದೆ. ಅದರಲ್ಲಿ ಕೊಂಡಿಯ ಮಾತೇ ಇಲ್ಲ. ಕೊಂಡಿ ಹುಡುಕುವವನಿಗೆ ಗೂಗಲ್ ಏನನ್ನು ತೋರಿಸಬೇಕು?

ಇನ್ನೊಂದು ಇದೆ. ಸಂಬಂಧ ಇಲ್ಲದ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ಸಾಫ್ಟ್ 404 ಅಂತ ಎಣಿಸಬಹುದು. ಅಂದರೆ "ಪುಟ ಇದೆ ಅಂತ ಹೇಳುತ್ತಿದ್ದಾರೆ, ನಿಜವಾಗಿ ಇಲ್ಲ" ಅಂತ. ನಿಮ್ಮ ಸರ್ಚ್ ಕನ್ಸೋಲ್ (ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸಾಧನ) ತೆರೆದು ಆ 4 ವಿಳಾಸಗಳನ್ನು ಯುಆರ್‌ಎಲ್ ತಪಾಸಣೆಯಲ್ಲಿ ಹಾಕಿ. ಏನು ತೋರಿಸುತ್ತೆ ಅಂತ ಇಲ್ಲಿ ಬರೆಯಿರಿ.

ಹಳೆ ಬರಹ, ಹಳೆ ಫೋಟೋ ಎಲ್ಲಾದರೂ ಇದೆಯಾ? ಇದ್ದರೆ ಇವತ್ತೇ ಆ 4 ಪುಟಗಳನ್ನು ಹೊಸ ವಿನ್ಯಾಸದಲ್ಲಿ ಹಾಕಿ, 302 ತೆಗೆಯಿರಿ. ಹೊಸದು ತಯಾರಾಗುವ ತನಕ ಹಳೆಯದನ್ನು ಯಾಕೆ ಕಿತ್ತರು ಅನ್ನೋದೇ ನನಗೆ ಅರ್ಥ ಆಗುತ್ತಿಲ್ಲ.

ಇಳಕಲ್_ದಡಿ
ನೋಡಿದೆ ಸರ್. ಎರಡು ಪುಟಕ್ಕೆ ಸಾಫ್ಟ್ 404 ಅಂತಲೇ ಇದೆ. ಇನ್ನೆರಡಕ್ಕೆ "ರಿಡೈರೆಕ್ಟ್ ಇರುವ ಪುಟ" ಅಂತ. ಹಳೆ ಬರಹ ಎರಡಕ್ಕೆ ಸಿಕ್ಕಿದೆ. ಕೊಂಡಿ ಪುಟದ್ದು ಸಿಗುತ್ತಿಲ್ಲ. ಹಳೆ ಹೋಸ್ಟಿಂಗ್ ಬಂದ್ ಮಾಡುವಾಗ ಬ್ಯಾಕಪ್ ತೆಗೆದುಕೊಂಡಿಲ್ಲ.

ಕೋಡ್_ಕಲಿಯುತ್ತಿರುವೆ
ಹಾಗಾದರೆ ಉಳಿದ 11ಕ್ಕೆ ಏನು ಮಾಡಬೇಕು? ನಾನು ಇಲ್ಲೇ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ, ಕ್ಲಾಸಿನಲ್ಲಿ 200, 404, 500 ಬಿಟ್ಟು ಬೇರೆ ಹೇಳಲಿಲ್ಲ.

ತಿಲಕವಾಡಿ_ಸರ್ವರ್
ಏನೂ ಮಾಡಬೇಡಿ! ನಿಜವಾಗಿ. ಹುಟ್ಟದ ಪುಟಕ್ಕೆ ರಿಡೈರೆಕ್ಟ್ ಯಾಕೆ? ಮೆನುವಿನಿಂದ ಆ ಕೊಂಡಿಗಳನ್ನು ತೆಗೆಯಿರಿ (ಲಿಂಕ್ ಅಂತ ಅರ್ಥ, ಸೆರಗಿನ ಕೊಂಡಿ ಅಲ್ಲ). ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿ, ಅಂದರೆ ಸೈಟ್‌ಮ್ಯಾಪ್‌ನಿಂದಲೂ ತೆಗೆಯಿರಿ. ಯಾರಾದರೂ ನೇರವಾಗಿ ಆ ವಿಳಾಸ ಒತ್ತಿದರೆ 404, ಅಂದರೆ "ಪುಟ ಇಲ್ಲ" ಅಂತ ಬರಲಿ. ಒಂದು ಪುಟ ಮುಗಿದರೆ ಆ ಒಂದನ್ನು ಮೆನುವಿಗೆ ಸೇರಿಸಿ.

ಗುಮ್ಮಟದ_ದನಿ
404 ಅಂದರೆ ರ್‍ಯಾಂಕಿಂಗ್‌ಗೆ ಇನ್ನೂ ಕೆಟ್ಟದ್ದಲ್ವಾ? ಸೈಟ್‌ನಲ್ಲಿ 11 ಒಡೆದ ಪುಟ ಇದ್ದರೆ ಇಡೀ ಸೈಟ್ ಕೆಳಗೆ ಬೀಳೋದಿಲ್ವಾ?

ತಿಲಕವಾಡಿ_ಸರ್ವರ್
ಇಲ್ಲ. ಇಲ್ಲದ ಪುಟಕ್ಕೆ 404 ಕೊಡೋದು ಸರಿಯಾದ ಉತ್ತರ. ಅದರಿಂದ ಬೇರೆ ಪುಟಗಳಿಗೆ ಪೆಟ್ಟಿಲ್ಲ, ಇದನ್ನು ಗೂಗಲ್ ಎಷ್ಟೋ ಸಲ ಹೇಳಿದೆ. ಇರುವ ಒಳ್ಳೆಯ ಪುಟ 404 ಆದರೆ ಮಾತ್ರ ಆ ಪುಟಕ್ಕೆ ನಷ್ಟ.

ಬಾದಾಮಿ_ಮನೆಯೂಟ
ನಾನೊಂದು ಅನುಭವ ಹೇಳುತ್ತೇನೆ. ನಮ್ಮದು ಬಾದಾಮಿಯಲ್ಲಿ ನಾಲ್ಕು ಕೋಣೆಯ ಹೋಮ್‌ಸ್ಟೇ. ಐಹೊಳೆ, ಪಟ್ಟದಕಲ್ಲು, ಮಹಾಕೂಟ ಹೀಗೆ ಒಂದೊಂದು ಜಾಗಕ್ಕೆ ಒಂದೊಂದು ಪುಟ ಮಾಡಿಸಿದ್ದೆ. ಬರೆಯೋಕೆ ಪುರುಸೊತ್ತು ಇರಲಿಲ್ಲ ಅಂತ ಎಲ್ಲದರಲ್ಲೂ "ಶೀಘ್ರದಲ್ಲೇ ಬರಲಿದೆ" ಅಂತ ಒಂದು ಸಾಲು. ರಿಡೈರೆಕ್ಟ್ ಇಲ್ಲ, ಏನಿಲ್ಲ. ಸರ್ವರ್ ಎಲ್ಲದಕ್ಕೂ 200 ಹೇಳುತ್ತಿತ್ತು, ಅಂದರೆ "ಎಲ್ಲ ಸರಿಯಾಗಿದೆ" ಅಂತ.

ಗೂಗಲ್ ಆ ಸಾಲನ್ನೇ ಓದಿಕೊಂಡು ಹೋಯ್ತು. ಪುಷ್ಯ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಆಗಲೇ ನಮಗೆ ಜಾಸ್ತಿ ಜನ. ಹುಡುಕಿದವರಿಗೆ ನಮ್ಮ ಹೋಮ್‌ಸ್ಟೇ ಹೆಸರಿನ ಕೆಳಗೆ "ಶೀಘ್ರದಲ್ಲೇ ಬರಲಿದೆ" ಅಂತ ಕಾಣುತ್ತಿತ್ತು. ಒಬ್ಬರು ಫೋನ್ ಮಾಡಿ "ನಿಮ್ಮ ಮನೆ ಇನ್ನೂ ಕಟ್ಟಿ ಮುಗಿದಿಲ್ವಾ?" ಅಂತ ಕೇಳಿದರು. ಹಾಗೆ ಕೇಳದೇ ಬೇರೆ ಕಡೆ ಹೋದವರು ಎಷ್ಟೋ. ಆ ಜಾತ್ರೆಯಲ್ಲಿ ಎರಡು ಕೋಣೆ ಖಾಲಿ ಉಳಿದವು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ದಯವಿಟ್ಟು "ಬರಲಿದೆ" ಪುಟ ಹಾಕಬೇಡಿ.

ಕುಂದಾನಗರಿ
ಅಂಥ ಪುಟ ಹಾಕಲೇಬೇಕು ಅಂದರೆ ನೋಇಂಡೆಕ್ಸ್ ಅಂತ ಒಂದು ಮೆಟಾ ಸಾಲು ಸೇರಿಸಿ. ಜನ ನೋಡಬಹುದು, ಗೂಗಲ್ ಪಟ್ಟಿಗೆ ಹಾಕೋದಿಲ್ಲ.

ಒಣದ್ರಾಕ್ಷಿ_ಅಂಗಡಿ
ಅದಕ್ಕಿಂತ ರೋಬೋಟ್ಸ್ ಫೈಲ್‌ನಲ್ಲಿ ತಡೆದುಬಿಟ್ಟರೆ ಒಂದೇ ಸಲ ಮುಗಿಯಿತಲ್ಲ?

ಕುಂದಾನಗರಿ
ಬೇಡ ಬೇಡ. ರೋಬೋಟ್ಸ್ ಫೈಲ್ "ಒಳಗೆ ಬರಬೇಡ" ಅನ್ನುತ್ತದೆ ಅಷ್ಟೇ. "ಪಟ್ಟಿಗೆ ಹಾಕಬೇಡ" ಅನ್ನೋದಿಲ್ಲ. ಬೇರೆ ಯಾರಾದರೂ ಆ ವಿಳಾಸಕ್ಕೆ ಲಿಂಕ್ ಕೊಟ್ಟಿದ್ದರೆ ಬರೀ ವಿಳಾಸವೇ ಹುಡುಕಾಟದಲ್ಲಿ ಬರಬಹುದು. ಎರಡೂ ಸೇರಿಸಿ ಹಾಕಿದರಂತೂ ಇನ್ನೂ ಎಡವಟ್ಟು. ಬಾಗಿಲಲ್ಲೇ ತಡೆದ ಮೇಲೆ ಒಳಗಿನ ನೋಇಂಡೆಕ್ಸ್ ಸಾಲನ್ನು ಗೂಗಲ್ ಓದೋದು ಹೇಗೆ?

ಗುಮ್ಮಟದ_ದನಿ
503 ಅಂತ ಒಂದಿದೆಯಲ್ಲ, "ಸದ್ಯಕ್ಕೆ ಸೇವೆ ಇಲ್ಲ". ಪುಟ ರೆಡಿ ಆಗುವ ತನಕ ಅದನ್ನೇ ಕೊಡಬಹುದಲ್ಲ. ಅದು 302ಗಿಂತ ಪ್ರಾಮಾಣಿಕ.

ತಿಲಕವಾಡಿ_ಸರ್ವರ್
ಪ್ರಾಮಾಣಿಕ ಹೌದು. ಆದರೆ ಅದು ಗಂಟೆಗಳ ಲೆಕ್ಕದ ಕೆಲಸಕ್ಕೆ. ಹೆಚ್ಚೆಂದರೆ ಒಂದೆರಡು ದಿನ. ಸೈಟ್ ಕಟ್ಟುವ ವರ್ಡ್‌ಪ್ರೆಸ್ ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಳ್ಳುವಾಗ 503 ಕೊಟ್ಟು, ಜೊತೆಗೆ "600 ಸೆಕೆಂಡ್ ಬಿಟ್ಟು ಬಾ" ಅಂತ ಹೇಳುತ್ತದೆ. ಹತ್ತು ನಿಮಿಷ! ಎರಡು ತಿಂಗಳು 503 ಇಟ್ಟರೆ ಗೂಗಲ್ ಕಾದು ಕಾದು ಪುಟವನ್ನು ಪಟ್ಟಿಯಿಂದ ತೆಗೆಯುತ್ತದೆ. ಗ್ರಾಹಕನೂ ಅಷ್ಟು ದಿನ ಕಾಯೋದಿಲ್ಲ.

ಹಳೇ_ಬಾಗಲಕೋಟೆ
ನಾನು ಕಂಪ್ಯೂಟರ್‌ನವನಲ್ಲ. ಮಗಳ ಟೈಲರಿಂಗ್ ಸೈಟ್‌ಗಾಗಿ ಇದನ್ನೆಲ್ಲ ಓದುತ್ತೇನೆ. ನನಗೆ ಇದು ಅರ್ಥ ಆಗಿದ್ದು ಹೀಗೆ.

ನಾವು ಮುಳುಗಡೆ ಜನ. ಆಲಮಟ್ಟಿ ಹಿನ್ನೀರು ಬಂದಾಗ ಹಳೆ ಊರಿನ ಮನೆ ಬಿಟ್ಟು ನವನಗರಕ್ಕೆ ಬಂದೆವು. ಸೆಕ್ಟರ್ ನಂಬರ್, ಪ್ಲಾಟ್ ನಂಬರ್, ಎಲ್ಲ ಹೊಸದು. ಹಳೆ ವಿಳಾಸಕ್ಕೆ ಬಂದ ಕಾಗದವನ್ನು ನಮ್ಮ ಪೋಸ್ಟ್‌ಮನ್ ಬಹಳ ದಿನ ಹೊಸ ಮನೆಗೇ ತಂದು ಕೊಟ್ಟರು. ನಾವು ಆ ಮನೆಗೆ ತಿರುಗಿ ಹೋಗೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅದು 301. ಜಾತ್ರೆಗೆ ಅಂಗಡಿ ಹಾಕೋಕೆ ಹೋಗುವಾಗ ನಮ್ಮಪ್ಪ ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದರು, "ಬನಶಂಕರಿಯಲ್ಲಿ ಇದ್ದೇವೆ, ಅಲ್ಲಿಗೇ ಬನ್ನಿ" ಅಂತ. ಅದು 302. ಅಲ್ಲಿಗೆ ಹೋದರೆ ಅದೇ ಅಂಗಡಿ, ಅದೇ ಸಾಮಾನು ಸಿಗುತ್ತಿತ್ತು. ಇಳಕಲ್‌ನವರ ಚೀಟಿ ನೋಡಿ ಹೋದವನಿಗೆ ಕೊಂಡಿ ಸೆರಗು ಸಿಗುತ್ತಿಲ್ಲ. ಇಷ್ಟೇ ಅಲ್ವಾ ವಿಷಯ?

ತಿಲಕವಾಡಿ_ಸರ್ವರ್
ಸರ್, ಇಷ್ಟೇ ವಿಷಯ. ನಾನು ಇನ್ನು ಮುಂದೆ ಹುಡುಗರಿಗೆ ಹೀಗೇ ಹೇಳಿಕೊಡುತ್ತೇನೆ.

ಬಾದಾಮಿ_ಮನೆಯೂಟ
ಹಳೆ ಬಾಗಲಕೋಟೆ ಪೂರ್ತಿ ಹೋಗಿಲ್ಲ ಸರ್, ಇನ್ನೂ ಎಷ್ಟೋ ಮನೆ, ಪೇಟೆ ಅಲ್ಲೇ ಇವೆ. ನಮ್ಮ ಸೋದರಮಾವ ಅಲ್ಲೇ ಇದ್ದಾರೆ.

ಹಳೇ_ಬಾಗಲಕೋಟೆ
ಗೊತ್ತಮ್ಮ. ವಾರಕ್ಕೊಮ್ಮೆ ಸಂತೆಗೆ ಅಲ್ಲಿಗೇ ಹೋಗುತ್ತೇನೆ. ನಮ್ಮ ಓಣಿ ಮಾತ್ರ ಉಳಿಯಲಿಲ್ಲ.

ಒಣದ್ರಾಕ್ಷಿ_ಅಂಗಡಿ
ಇದೇ ದಾರಿಯಲ್ಲಿ ನನ್ನದೊಂದು ಪ್ರಶ್ನೆ. ನಾವು ವಿಜಯಪುರದಿಂದ ಒಣದ್ರಾಕ್ಷಿ ಮಾರುತ್ತೇವೆ. ಡೊಮೇನ್ ಹೆಸರಲ್ಲಿ ಬಿಜಾಪುರ ಅಂತಿತ್ತು. 2014ರ ನವೆಂಬರ್ 1ಕ್ಕೆ ಊರಿನ ಹೆಸರು ಬದಲಾದ ಮೇಲೂ ಬಹಳ ವರ್ಷ ಅದನ್ನೇ ಇಟ್ಟುಕೊಂಡಿದ್ದೆವು. ಎರಡು ವರ್ಷದ ಹಿಂದೆ ವಿಜಯಪುರ ಹೆಸರಿನ ಹೊಸ ಡೊಮೇನ್ ತೆಗೆದುಕೊಂಡು, ಹಳೆಯದರಿಂದ ರಿಡೈರೆಕ್ಟ್ ಹಾಕಿದೆ. ಈಗಲೂ ಹುಡುಕಿದರೆ ಹಳೆ ಡೊಮೇನ್ ಹೆಸರೇ ಬರುತ್ತದೆ. ಯಾಕೆ?

ತಿಲಕವಾಡಿ_ಸರ್ವರ್
ಕಮ್ಯಾಂಡ್ ಸಾಲಿನಲ್ಲಿ ಕರ್ಲ್ (curl, ಸರ್ವರ್‌ನ ಉತ್ತರ ತೋರಿಸುವ ಕಮ್ಯಾಂಡ್) ಅಂತ ಟೈಪ್ ಮಾಡಿ, ಹೈಫನ್ ಮತ್ತು ದೊಡ್ಡ ಐ ಹಾಕಿ, ಹಳೆ ವಿಳಾಸ ಕೊಡಿ. ಮೊದಲ ಸಾಲಿನಲ್ಲಿ ಏನು ನಂಬರ್ ಇದೆ?

ಒಣದ್ರಾಕ್ಷಿ_ಅಂಗಡಿ
302! ನಾನು ತಾತ್ಕಾಲಿಕ ಅಂತ ಎಲ್ಲೂ ಆರಿಸಲಿಲ್ಲವಲ್ಲ?

ತಿಲಕವಾಡಿ_ಸರ್ವರ್
ಆರಿಸದೇ ಇದ್ದದ್ದಕ್ಕೇ ಹಾಗಾಗಿದೆ. ಅಪಾಚೆ ಸರ್ವರ್‌ನಲ್ಲಿ ರಿಡೈರೆಕ್ಟ್ ಅಂತ ಬರೆದು ನಂಬರ್ ಕೊಡದಿದ್ದರೆ ಅದು 302. ಪಿಎಚ್‌ಪಿ ಕೋಡ್‌ನಲ್ಲಿ ಲೊಕೇಶನ್ ಹೆಡರ್ (ಹೊಸ ವಿಳಾಸ ಹೇಳುವ ಸಾಲು) ಕಳಿಸಿದರೆ 302. ವರ್ಡ್‌ಪ್ರೆಸ್‌ನ ರಿಡೈರೆಕ್ಟ್ ಫಂಕ್ಷನ್ ಕೂಡ ಹಾಗೇ. ಸುಮ್ನೆ ಬಿಟ್ಟರೆ ಎಲ್ಲ 302 ಕಡೆಗೇ ವಾಲುತ್ತವೆ. ಇಳಕಲ್‌ನವರಿಗೂ ನಿಮಗೂ ಒಂದೇ ನಂಬರ್, ಆದರೆ ನಿಮ್ಮ ಕೇಸ್ ಪೂರ್ತಿ ಉಲ್ಟಾ. ನೀವು ಕಾಯಂ ಆಗಿ ಹೋಗಿದ್ದೀರಿ, 301 ಬೇಕು.

ಹಳೆ ಪುಟ ಒಂದೊಂದನ್ನೂ ಹೊಸದರ ಅದೇ ಪುಟಕ್ಕೆ ಕಳಿಸಿ. ಎಲ್ಲವನ್ನೂ ಮುಖಪುಟಕ್ಕೆ ತಳ್ಳಬೇಡಿ. ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆ ಅನ್ನೋ ಸಾಧನ ಇದೆ, ಅದನ್ನೂ ಬಳಸಿ. ರಿಡೈರೆಕ್ಟ್ ಕನಿಷ್ಠ ಒಂದು ವರ್ಷ ಇರಲಿ ಅಂತ ಗೂಗಲ್ ಹೇಳುತ್ತದೆ. ನಾನಾದರೆ ಹಳೆ ಡೊಮೇನ್ ಬಿಡೋದೇ ಇಲ್ಲ. ನೀವು ಬಿಟ್ಟ ದಿನ ಬೇರೆಯವರು ಹಿಡಿಯುತ್ತಾರೆ.

ಗುಮ್ಮಟದ_ದನಿ
ಪುಟದಲ್ಲಿ "ಬಿಜಾಪುರ" ಅನ್ನೋ ಪದವನ್ನು ಪೂರ್ತಿ ತೆಗೆಯಬೇಡಿ. ಮಹಾರಾಷ್ಟ್ರದ ಗಿರಾಕಿಗಳು ಇನ್ನೂ ಹಾಗೇ ಹುಡುಕುತ್ತಾರೆ. ಮತ್ತೆ ಬರೀ ವಿಜಯಪುರ ಅಂದರೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರವೂ ಬರುತ್ತದೆ. ನಾನು ಒಂದು ಪಾರ್ಸಲ್ ಹಾಗೇ ಕಳೆದುಕೊಂಡಿದ್ದೇನೆ.

ಕೋಡ್_ಕಲಿಯುತ್ತಿರುವೆ
ನನ್ನ ಸೈಟ್‌ನಲ್ಲಿ ಬ್ರೌಸರ್ 307 ತೋರಿಸುತ್ತಿದೆ. ನಾನು ಅದನ್ನು ಬರೆದೇ ಇಲ್ಲ.

ತಿಲಕವಾಡಿ_ಸರ್ವರ್
ನಿಮ್ಮ ಸೈಟ್‌ಗೆ ಎಚ್‌ಎಸ್‌ಟಿಎಸ್ (ಎಚ್‌ಟಿಟಿಪಿಎಸ್‌ನಲ್ಲೇ ಬಾ ಅಂತ ಬ್ರೌಸರ್‌ಗೆ ಹೇಳುವ ಸೂಚನೆ) ಇದೆ. ಎಚ್‌ಟಿಟಿಪಿ ವಿಳಾಸವನ್ನು ಬ್ರೌಸರ್ ತಾನೇ ಎಚ್‌ಟಿಟಿಪಿಎಸ್‌ಗೆ ಬದಲಿಸಿಕೊಂಡು 307 ಅಂತ ತೋರಿಸುತ್ತದೆ. ಅದು ಸರ್ವರ್‌ನಿಂದ ಬಂದಿದ್ದಲ್ಲ. ಬ್ರೌಸರ್ ನಂಬಬೇಡಿ, ಕರ್ಲ್‌ನಲ್ಲಿ ನೋಡಿ. ನಿಜವಾದ 307 ಕೂಡ ತಾತ್ಕಾಲಿಕವೇ. ವ್ಯತ್ಯಾಸ ಏನೆಂದರೆ, ಫಾರ್ಮ್ ತುಂಬಿ ಕಳಿಸಿದ ಪೋಸ್ಟ್ ವಿನಂತಿ ದಾರಿಯಲ್ಲಿ ಗೆಟ್ (ಬರೀ ಪುಟ ಕೇಳುವ ವಿನಂತಿ) ಆಗಿ ಬದಲಾಗೋದಿಲ್ಲ. 302ರಲ್ಲಿ ಹಾಗೆ ಬದಲಾಗಬಹುದು. 301ಕ್ಕೆ ಇದೇ ರೀತಿಯ ಜೋಡಿ 308.

ಕುಂದಾನಗರಿ
ಒಂದು ಮಾತು. 302 ಅಂದರೆ ಕೆಟ್ಟದ್ದು ಅಂತ ಯಾರೂ ತಿಳಿಯಬೇಡಿ. ಒಂದೇ ಪುಟದ ಎರಡು ವಿನ್ಯಾಸದಲ್ಲಿ ಯಾವುದು ಚೆನ್ನ ಅಂತ ಪರೀಕ್ಷೆ ಮಾಡುವಾಗ 301 ಅಲ್ಲ, 302 ಬಳಸಿ ಅಂತ ಗೂಗಲ್ಲೇ ಹೇಳುತ್ತದೆ. ದೀಪಾವಳಿಗೆ ಎರಡು ವಾರ ನಮ್ಮ ಕುಂದಾದ (ಬೆಳಗಾವಿಯ ಸಿಹಿ) ಪುಟವನ್ನು ಗಿಫ್ಟ್ ಬಾಕ್ಸ್ ಪುಟಕ್ಕೆ ಕಳಿಸುತ್ತೇನೆ. ಅಲ್ಲೂ ಕುಂದಾನೇ ಸಿಗುತ್ತದೆ. ಹಬ್ಬ ಮುಗಿದ ಮೇಲೆ ತೆಗೆಯುತ್ತೇನೆ. ಇಷ್ಟು ವರ್ಷದಲ್ಲಿ ತೊಂದರೆ ಆಗಿಲ್ಲ.

ಬಾದಾಮಿ_ಮನೆಯೂಟ
ಇಳಕಲ್‌ನವರೇ, ನೀವು ಆಗಿನಿಂದ ಕೊಂಡಿ ಕೊಂಡಿ ಅನ್ನುತ್ತಿದ್ದೀರಿ. ನಾನು ಇಳಕಲ್ ಸೀರೆ ಉಟ್ಟೇ ದೊಡ್ಡವಳಾಗಿದ್ದು, ಆದರೆ ಕೊಂಡಿ ಅಂದರೆ ಏನು ಅಂತ ನಿಜವಾಗಿ ಗೊತ್ತಿಲ್ಲ. ಸ್ವಲ್ಪ ಹೇಳುತ್ತೀರಾ?

ಇಳಕಲ್_ದಡಿ
ಖಂಡಿತ ಅಕ್ಕ. ಸಾಮಾನ್ಯವಾಗಿ ಬೇರೆ ಸೀರೆಗಳಲ್ಲಿ ಮೈಯ ಹಾಸೇ (ಮಗ್ಗದ ಉದ್ದದ ಎಳೆಗಳು) ಸೆರಗಿನ ತನಕ ಮುಂದುವರಿಯುತ್ತದೆ. ಒಂದೇ ಹಾಸಿನಲ್ಲಿ ಎಷ್ಟೋ ಸೀರೆ ನೇಯಬಹುದು. ನಮ್ಮಲ್ಲಿ ಹಾಗಲ್ಲ. ಮೈಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಮೈ ಹತ್ತಿಯದು, ಸೆರಗು ರೇಷ್ಮೆಯದು ಇರಬಹುದು. ದಡಿ ಮತ್ತು ಸೆರಗು ಸಾಮಾನ್ಯವಾಗಿ ಒಂದೇ ಬಣ್ಣ. ಮೈಯ ಎಳೆಗಳ ತುದಿಯನ್ನು ಕುಣಿಕೆ ಮಾಡಿ, ಸೆರಗಿನ ಎಳೆಗಳ ಕುಣಿಕೆಗೆ ಒಂದಕ್ಕೊಂದು ಸಿಕ್ಕಿಸುತ್ತಾರೆ. ಅದೇ ಕೊಂಡಿ. ಒಂದೊಂದು ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕು. ಅದಕ್ಕೇ ಒಂದೇ ಸೀರೆ ಬೇಕು ಅಂದರೂ ಅಷ್ಟಕ್ಕೇ ಹಾಸು ತಯಾರು ಮಾಡಬೇಕಾಗುತ್ತದೆ.

ನಮ್ಮಜ್ಜಿ ಕೂತು ಕೊಂಡಿ ಹಾಕುವಾಗ ನಾವು ಮಕ್ಕಳು ಮಾತಾಡೋ ಹಾಗಿರಲಿಲ್ಲ. ಒಂದು ಎಳೆ ತಪ್ಪಿದರೆ ಮೈಗೂ ಸೆರಗಿಗೂ ಲೆಕ್ಕ ಕೂಡೋದಿಲ್ಲ. ಆಮೇಲೆ ಸೆರಗಿನಲ್ಲಿ ತೋಪು ತೆನೆ, ಹಣಿಗೆ, ಕೋಟಿ ಕಮ್ಮಲಿ, ರಂಪ ಅಂತ ಬೇರೆ ಬೇರೆ ಆಕಾರ. ತೋಪು ತೆನೆ ಅಂದರೆ ಜೋಳದ ತೆನೆ, ಹಣಿಗೆ ಅಂದರೆ ಬಾಚಣಿಗೆ ಹಲ್ಲು, ಕೋಟಿ ಕಮ್ಮಲಿ ಅಂದರೆ ಕೋಟೆ ಗೋಡೆಯ ತುದಿಯ ಏರಿಳಿತದ ಹಾಗೆ. ಸೀರೆ ನಿಜವಾದ ಕೊಂಡಿಯದಾ ಅಂತ ನೋಡಬೇಕಾದರೆ ಮೈ ಮತ್ತು ಸೆರಗು ಕೂಡುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಕುಣಿಕೆಗಳ ಸಾಲು ಸಣ್ಣಗೆ ಕೈಗೆ ಸಿಗುತ್ತದೆ.

ಹಳೇ_ಬಾಗಲಕೋಟೆ
ಓದಿ ಕಣ್ಣು ತುಂಬಿ ಬಂತು. ನಮ್ಮವ್ವನ ಸೀರೆ ಪೆಟ್ಟಿಗೆಯಲ್ಲಿದೆ, ಈಗಲೇ ತೆಗೆದು ಮುಟ್ಟಿ ನೋಡಿದೆ. ಸಿಗುತ್ತದೆ.

ತಿಲಕವಾಡಿ_ಸರ್ವರ್
ಇಳಕಲ್‌ನವರೇ, ಕೊಂಡಿ ಪುಟಕ್ಕೆ ಬರಹ ಇಲ್ಲ ಅಂದಿರಿ. ಈಗ ಬರೆದಿರಲ್ಲ! ಇದನ್ನೇ ಹಾಗೇ ಎತ್ತಿ ಹಾಕಿ. ಮೊಬೈಲ್‌ನಲ್ಲಿ ತೆಗೆದ ಎರಡು ಫೋಟೋ ಸಾಕು. ಇವತ್ತು ರಾತ್ರಿಯೇ 302 ತೆಗೆಯಿರಿ, ಆಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಇಂಡೆಕ್ಸ್ ಮಾಡಲು ಕೋರಿಕೆ ಕಳಿಸಿ.

ಇಳಕಲ್_ದಡಿ
ಹಾಕುತ್ತೇನೆ ಸರ್. ಅಪ್ಪನಿಗೆ ಒಮ್ಮೆ ಓದಿ ಹೇಳಿ ಹಾಕುತ್ತೇನೆ.

ಇಳಕಲ್_ದಡಿ (ಮೂರು ವಾರದ ನಂತರ)
ಎಲ್ಲರಿಗೂ ಸುದ್ದಿ ಹೇಳೋಣ ಅಂತ ಬಂದೆ. ಹಳೆಯ 4 ಪುಟಗಳಿಂದ ಅವತ್ತೇ 302 ತೆಗೆಸಿದೆ. ಎರಡಕ್ಕೆ ಹಳೆ ಬರಹ, ಕೊಂಡಿ ಪುಟಕ್ಕೆ ಇಲ್ಲಿ ಬರೆದದ್ದು, ಇನ್ನೊಂದಕ್ಕೆ ಹೊಸದಾಗಿ ಬರೆದೆ. ಉಳಿದ 11 ಪುಟ ಮೆನುವಿನಿಂದ ಹೋದವು. ಹುಡುಗನಿಗೂ ಈ ಮಾತೆಲ್ಲ ತೋರಿಸಿದೆ, ಬೇಜಾರು ಮಾಡಿಕೊಳ್ಳಲಿಲ್ಲ. ತಾನೇ ಕೂತು ಸೈಟ್‌ಮ್ಯಾಪ್ ಸರಿ ಮಾಡಿದ.

ಕೊಂಡಿ ಪುಟ ಮತ್ತೆ ಕಾಣುತ್ತಿದೆ. ಮೊದಲಿನ ಜಾಗಕ್ಕೆ ಬಂದಿಲ್ಲ, ಎರಡನೇ ಪುಟದಲ್ಲಿದೆ. ನಿನ್ನೆ ಸೊಲ್ಲಾಪುರದಿಂದ ಒಬ್ಬರು ಫೋನ್ ಮಾಡಿ ಒಂಬತ್ತು ಗಜದ ಸೀರೆಗೆ ಕೊಂಡಿ ಹಾಕಿಕೊಡುತ್ತೀರಾ ಅಂತ ಕೇಳಿದರು. ಅಪ್ಪ ಅರ್ಧ ಗಂಟೆ ಮಾತಾಡಿದರು.

11ರಲ್ಲಿ ಗೋಮಿ, ಚಿಕ್ಕಿ ಪರಾಸ್, ಗಾಡಿ ದಡಿ ಮೂರು ಬರೆದಾಗಿದೆ. ಅಪ್ಪ ಹೇಳುತ್ತಾರೆ, ನಾನು ಬರೆಯುತ್ತೇನೆ. ಫೋಟೋನೇ ತೊಂದರೆ. ಮಗ್ಗ ಕುಣಿಯಲ್ಲಿದೆ, ನನ್ನ ಮೊಬೈಲ್‌ನಲ್ಲಿ ಕಪ್ಪಾಗಿ ಬರುತ್ತದೆ.

ಕೋಡ್_ಕಲಿಯುತ್ತಿರುವೆ
ಅಣ್ಣ, ನನ್ನ ಹತ್ತಿರ ಕ್ಯಾಮೆರಾ ಇದೆ. ಶನಿವಾರ ಹುನಗುಂದಕ್ಕೆ ಅಕ್ಕನ ಮನೆಗೆ ಬರುತ್ತಿದ್ದೇನೆ. ಅಲ್ಲಿಂದ ಹತ್ತಿರ, ಬಂದು ತೆಗೆದುಕೊಡಲಾ?

ಇಳಕಲ್_ದಡಿ
ಬಾ ತಮ್ಮ. ಭಾನುವಾರ ಬೆಳಿಗ್ಗೆ ಹತ್ತರೊಳಗೆ ಬಂದರೆ ಕಿಟಕಿಯಿಂದ ಬಿಸಿಲು ನೇರ ಮಗ್ಗದ ಮೇಲೆ ಬೀಳುತ್ತದೆ. ಊಟ ನಮ್ಮ ಮನೆಯಲ್ಲೇ.